ತೊಗಟೆಯ ಮದ್ದಿಗೆ ಯಾವ ಮರ? ಕೊಡಗಿನವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಕಕ್ಕಡ ತಿಂಗಳು ಬಂತೆಂದರೆ ಕೊಡಗಿನ ಮನೆಗಳಲ್ಲಿ ಮದ್ದಿನ ಮಾತು ಏಳುತ್ತದೆ. ಆಗಸ್ಟ್ 3ರ ಆಸುಪಾಸಿನಲ್ಲಿ ಬರುವ ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಉಣ್ಣುವವರು ಒಂದೆಡೆಯಾದರೆ, ಸಂಪಾಜೆ, ಕರಿಕೆಯ ಕಡೆ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದು ಕಷಾಯ ಕಾಸುವವರು ಇನ್ನೊಂದೆಡೆ. ಕಾಲೇಜಿನಲ್ಲಿ ಕೆಲವು ವರ್ಷ ಸಸ್ಯಶಾಸ್ತ್ರ ಕಲಿಸಿದ ನನ್ನಂಥವರ ಬಳಿಗೆ ಪ್ರಶ್ನೆಗಳು ಬರತೊಡಗುವುದೂ ಇದೇ ಹೊತ್ತಿಗೆ. ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಯಾವ ತೊಗಟೆಯನ್ನು ಆರಿಸಲಿ ಎಂದು ವಿದ್ಯಾರ್ಥಿ ಕೇಳುತ್ತಾನೆ. ಕಾಫಿಯ ನಡುವೆ ನೆಟ್ಟು ಮಾರಬಹುದಾದ ಔಷಧಿ ಮರ ಯಾವುದೆಂದು ಸುಂಟಿಕೊಪ್ಪದ ಕಡೆಯ ಬೆಳೆಗಾರರು ಕೇಳುತ್ತಾರೆ. ಸಣ್ಣಪುಟ್ಟ ಗಾಯ ತೊಳೆಯಲು, ಬಾಯಿ ಮುಕ್ಕಳಿಸಲು ಯಾವ ಚಕ್ಕೆ ಒಳ್ಳೆಯದೆಂದು ಮನೆಯ ಹಿರಿಯರು ಕೇಳುತ್ತಾರೆ. ಎಲ್ಲರ ಪ್ರಶ್ನೆಯೂ ಕೊನೆಗೆ ಒಂದೇ ರೂಪ ತಾಳುತ್ತದೆ: ಬ್ಯಾಕ್ಟೀರಿಯಾವನ್ನು ಹೆಚ್ಚು ಬಲವಾಗಿ ಕೊಲ್ಲುವ ತೊಗಟೆ ಯಾವುದು?

ಪ್ರಯೋಗಾಲಯದ ಗಾಜಿನ ತಟ್ಟೆಯನ್ನಷ್ಟೇ ನೋಡಿ ಹೇಳುವುದಾದರೆ, ನಮ್ಮಲ್ಲಿ ಸಿಗುವ ತೊಗಟೆಗಳಲ್ಲಿ ದಾಲ್ಚಿನ್ನಿಯ ಎಣ್ಣೆ ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ಅದೇ ಎಣ್ಣೆಯನ್ನು ತರಚಿದ ಗಾಯದ ಮೇಲೆ ಹಚ್ಚಿಕೊಂಡವರ ಚರ್ಮ ಉರಿದು ಕೆಂಪಾಗುತ್ತದೆ. ಆದ್ದರಿಂದ ಬಲವೊಂದನ್ನೇ ಹಿಡಿದು ಮರ ಆರಿಸುವುದು ಸರಿಯಲ್ಲ ಎಂಬುದು ನನ್ನ ಅನುಭವ. ಮೊದಲು ಏನನ್ನು ಅಳೆಯಬೇಕು ಎಂಬುದನ್ನು ಹೇಳಿ, ಆಮೇಲೆ ಒಂದೊಂದೇ ಮರದ ಬಳಿಗೆ ಹೋಗುತ್ತೇನೆ.

ಏನನ್ನು ಅಳೆಯಬೇಕು

ಮೊದಲನೆಯದು, ತೊಗಟೆಯಲ್ಲಿರುವ ರಾಸಾಯನಿಕ ಯಾವ ಕುಲದ್ದು ಎಂಬುದು. ತೊಗಟೆಯೆಂಬುದು ಮರದ ಚರ್ಮ. ಶಿಲೀಂಧ್ರ, ಕೀಟ, ಕೊಳೆತಗಳಿಂದ ಒಳಗಿನ ಜೀವಂತ ಪದರವನ್ನು ಕಾಯುವುದು ಅದರ ಕೆಲಸ. ಆ ಕೆಲಸಕ್ಕೆ ಒಂದೊಂದು ಮರ ಒಂದೊಂದು ದಾರಿ ಹಿಡಿದಿದೆ. ಮತ್ತಿ, ನೇರಳೆ, ಅತ್ತಿಯಂಥವು ಒಗರಿನ ಟ್ಯಾನಿನ್‌ಗಳನ್ನು ತುಂಬಿಕೊಂಡಿವೆ; ಕೊಡಸಿಗ, ಹಾಲೆಯಂಥವು ಕಹಿಯಾದ ಆಲ್ಕಲಾಯ್ಡ್‌ಗಳನ್ನು; ದಾಲ್ಚಿನ್ನಿ ಆವಿಯಾಗಿ ಹೋಗುವ ಪರಿಮಳದ ಎಣ್ಣೆಯನ್ನು. ನಾಲಿಗೆಗೆ ತಾಗುವ ಒಗರು, ಕಹಿ, ಖಾರಗಳೇ ಈ ಮೂರು ಕುಲಗಳ ಒರಟು ಗುರುತು. (ಹಾಗೆಂದು ಗುರುತಿಲ್ಲದ ತೊಗಟೆಯನ್ನು ನೆಕ್ಕಿ ನೋಡುವ ಸಾಹಸ ಬೇಡ; ಏಕೆಂಬುದು ಹಾಲೆಯ ವಿಷಯ ಬಂದಾಗ ತಿಳಿಯುತ್ತದೆ.)

ಎರಡನೆಯದು, ಯಾವ ಬ್ಯಾಕ್ಟೀರಿಯಾದ ಮೇಲೆ ಎಂಬುದು. ಕೀವು ಹಿಡಿಸುವ ಸ್ಟ್ಯಾಫೈಲೋಕಾಕಸ್‌ನಂಥ ಗ್ರಾಂ ಪಾಸಿಟಿವ್ ಜಾತಿಗಳಿಗೆ ಹೊರಗಿನಿಂದ ದಪ್ಪವಾದ ಆದರೆ ಜಾಳಾದ ಗೋಡೆಯಿದೆ, ಇ. ಕೋಲಿ, ಸ್ಯೂಡೋಮೊನಾಸ್‌ನಂಥ ಗ್ರಾಂ ನೆಗೆಟಿವ್ ಜಾತಿಗಳಿಗೆ ತೆಳು ಗೋಡೆಯ ಹೊರಗೆ ಮತ್ತೊಂದು ಪೊರೆಯಿದ್ದು, ಒಳಗೆ ನುಗ್ಗಿದ್ದನ್ನು ಹೊರಗೆ ತಳ್ಳುವ ಪಂಪುಗಳೂ ಚುರುಕಾಗಿವೆ. ಹೆಚ್ಚಿನ ತೊಗಟೆಗಳ ಸಾರ ಮೊದಲನೆಯ ಗುಂಪಿನ ಮೇಲೆ ಪರಿಣಾಮ ಬೀರಿ ಎರಡನೆಯದರ ಮುಂದೆ ಸೋಲುತ್ತದೆ.

ಮೂರನೆಯದು ಅಳೆಯುವ ವಿಧಾನ. ನಮ್ಮ ಕಾಲೇಜುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎಂಬ ಲೋಳೆಯ ತಟ್ಟೆಯಲ್ಲಿ ಕುಳಿ ತೋಡಿ ಸಾರ ಹಾಕಿ, ಮರುದಿನ ಸುತ್ತಲೂ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಖಾಲಿ ವೃತ್ತವನ್ನು ಸ್ಕೇಲಿನಲ್ಲಿ ಅಳೆಯುವ ಪದ್ಧತಿಯಿದೆ. ಅಗ್ಗದ ಕ್ರಮ, ಕಣ್ಣಿಗೂ ಚೆಂದ; ಆದರೆ ಎರಡು ಮರಗಳನ್ನು ಹೋಲಿಸುವುದಕ್ಕೆ ಅದು ಮೋಸದ ಅಳತೆ. ನೀರಿನಲ್ಲಿ ಕರಗುವ ಸಣ್ಣ ಅಣುಗಳು ಅಗಾರ್‌ನಲ್ಲಿ ದೂರ ಹರಡುತ್ತವೆ, ಎಣ್ಣೆಯಂಥವೂ ದೊಡ್ಡ ಟ್ಯಾನಿನ್‌ಗಳೂ ಕುಳಿಯ ಬಳಿಯೇ ನಿಂತುಬಿಡುತ್ತವೆ. ಹೀಗಾಗಿ ದೊಡ್ಡ ವೃತ್ತವೆಂದರೆ ಹೆಚ್ಚು ಬಲವೆಂದು ಅರ್ಥವಲ್ಲ. ಬೆಳವಣಿಗೆಯನ್ನು ತಡೆಯಲು ಬೇಕಾಗುವ ಕನಿಷ್ಠ ಪ್ರಮಾಣ, ಅಂದರೆ ಎಂಐಸಿ, ನಂಬಬಹುದಾದ ಅಳತೆ. ಕಚ್ಚಾ ಸಾರವೊಂದಕ್ಕೆ ಮಿಲಿಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಬೇಕಾದರೆ ಅದನ್ನು ದೊಡ್ಡದಾಗಿ ಹೇಳಿಕೊಳ್ಳುವಂತಿಲ್ಲ. 100 ಮೈಕ್ರೋಗ್ರಾಂ ಒಳಗೆ ಬಂದರೆ ತಿರುಗಿ ನೋಡಬೇಕು ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಲೆಕ್ಕ.

ಉಳಿದ ಅಳತೆಗೋಲುಗಳನ್ನು ಪ್ರಯೋಗಾಲಯದವರು ಮರೆಯುತ್ತಾರೆ, ಕೊಡಗಿನವರು ಮರೆಯಬಾರದು. ಆ ಮರವನ್ನು ಅನುಮಾನವಿಲ್ಲದೆ ಗುರುತಿಸಬಹುದೇ? ತೊಗಟೆ ತೆಗೆದ ಮೇಲೆ ಮರ ಬದುಕುತ್ತದೆಯೇ? ನಮ್ಮ ಮಳೆಯ ತಂಡಿಯಲ್ಲಿ ಅದನ್ನು ಬೂಷ್ಟು ಹಿಡಿಯದಂತೆ ಒಣಗಿಸಬಹುದೇ? ಎಲೆ ಕಿತ್ತರೆ ಮರಕ್ಕೆ ಇನ್ನೊಂದು ಎಲೆ ಬರುತ್ತದೆ; ತೊಗಟೆಯನ್ನು ಸುತ್ತಲೂ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯೇ ಕಡಿದುಹೋಗಿ ಮರ ನಿಂತಲ್ಲೇ ಒಣಗುತ್ತದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಈ ಪ್ರಶ್ನೆಗಳಿಗೆ ಎಂಐಸಿಗಿಂತ ಹೆಚ್ಚಿನ ತೂಕವಿದೆ.

ಹೊಳೆಮತ್ತಿ

ಕುಶಾಲನಗರದಿಂದ ದುಬಾರೆಯವರೆಗೆ ಕಾವೇರಿಯ ದಡದಲ್ಲಿ ನಡೆದವರಿಗೆ ಹೊಳೆಮತ್ತಿಯನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ನುಣುಪಾದ ಬೂದು ಬಿಳುಪಿನ ಕಾಂಡ, ಹೊರಪದರ ಹಾಳೆಹಾಳೆಯಾಗಿ ತಾನೇ ಉದುರುವ ರೀತಿ, ಐದು ರೆಕ್ಕೆಗಳ ಕಾಯಿ: ಇಷ್ಟು ಸಾಕು. ಗುಡ್ಡದ ಮೇಲಿನ ಕರಿಮತ್ತಿಯೊಡನೆ ಇದನ್ನು ಗೊಂದಲ ಮಾಡಿಕೊಳ್ಳುವವರಿದ್ದಾರೆ, ಆದರೆ ಅದರ ತೊಗಟೆ ಕಪ್ಪಾಗಿ, ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಒಡೆದಿರುತ್ತದೆ. ಗುರುತಿನ ವಿಷಯದಲ್ಲಿ ಹೊಳೆಮತ್ತಿಗೆ ಪೂರ್ಣ ಅಂಕ.

ಸಂಸ್ಕೃತದ ಅರ್ಜುನ ಇದೇ ಮರ. ಆಯುರ್ವೇದದಲ್ಲಿ ಇದರ ಹೆಸರು ಹೃದಯದ ಮದ್ದಾಗಿ. ಬ್ಯಾಕ್ಟೀರಿಯಾದ ಮೇಲಿನ ಕೆಲಸಕ್ಕೆ ಮುಖ್ಯ ಕಾರಣ ಟ್ಯಾನಿನ್‌ಗಳು, ಅವುಗಳಿಂದ ಬರುವ ಎಲ್ಲಾಜಿಕ್ ಆಮ್ಲ, ಮತ್ತು ಲ್ಯೂಟಿಯೋಲಿನ್ ಎಂಬ ಹಳದಿ ಫ್ಲೇವನಾಯ್ಡ್. ಇವುಗಳ ಜೊತೆಗೆ ಅರ್ಜುನಿಕ್ ಆಮ್ಲ, ಅರ್ಜುನೋಲಿಕ್ ಆಮ್ಲ ಎಂಬ ಟ್ರೈಟರ್ಪೀನ್‌ಗಳೂ ಇವೆ. ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಹಸಿ ತೊಗಲನ್ನು ಚಕ್ಕಳವಾಗಿಸುವುದು ಇದೇ ಗುಣ. ಜಿಗಣೆ ಕಚ್ಚಿದ ಜಾಗದಿಂದ ರಕ್ತ ನಿಲ್ಲದೆ ಜಿನುಗುತ್ತಿರುವಾಗ, ಅಥವಾ ಒಸಡು ಸಡಿಲಾಗಿ ರಕ್ತ ಕಾಣಿಸಿಕೊಂಡಾಗ, ಒಗರಿನ ಕಷಾಯದಿಂದ ತೊಳೆದರೆ ಹಿತವೆನಿಸುವುದಕ್ಕೆ ಬ್ಯಾಕ್ಟೀರಿಯಾ ಸಾಯುವುದಷ್ಟೇ ಕಾರಣವಲ್ಲ, ಮೇಲ್ಪದರ ಬಿಗಿಯುವುದೂ ಕಾರಣ. ಹೊರಬಳಕೆಗೆ ಇದು ಅನುಕೂಲವೇ. ಸಂಶೋಧನೆಗೆ ಮಾತ್ರ ಇದೇ ತೊಡಕು: ಟ್ಯಾನಿನ್ ಯಾವ ಪ್ರೋಟೀನಿಗಾದರೂ ಅಂಟುವುದರಿಂದ ಪರೀಕ್ಷೆಗೆ ಇಟ್ಟದ್ದೆಲ್ಲದರ ಮೇಲೂ ‘ಪರಿಣಾಮ’ ಕಾಣಿಸುತ್ತದೆ. ಪಾಲಿಅಮೈಡ್ ಕಾಲಮ್ಮಿನಲ್ಲಿ ಹಾಯಿಸಿಯೋ ಜೆಲಟಿನ್‌ನಿಂದ ಗಟ್ಟಿಸಿ ಸೋಸಿಯೋ ಟ್ಯಾನಿನ್ ತೆಗೆದ ಮೇಲೆಯೂ ಗುಣ ಉಳಿದಿದೆಯೇ ಎಂದು ನೋಡದ ಪ್ರಾಜೆಕ್ಟ್ ವರದಿಯನ್ನು ನಾನು ಅರ್ಧ ವರದಿ ಎಂದೇ ಎಣಿಸುತ್ತೇನೆ.

ಕೊಯ್ಲಿನ ವಿಷಯದಲ್ಲಿ ಈ ಮರ ಉದಾರಿ. ಸುತ್ತಳತೆಯ ಕಾಲು ಭಾಗ ಮೀರದಂತೆ, ಒಳತೊಗಟೆಯನ್ನು ಮುಟ್ಟದೆ ಹೊರ ಮತ್ತು ನಡುವಿನ ಪದರಗಳನ್ನಷ್ಟೇ ಎಬ್ಬಿಸಿದರೆ ಸುಮಾರು ಎರಡು ವರ್ಷಗಳಲ್ಲಿ ಗಾಯ ತುಂಬಿಕೊಳ್ಳುತ್ತದೆ. ಮುಂದಿನ ಸಲ ಎದುರು ದಿಕ್ಕಿನಿಂದ ತೆಗೆಯಬಹುದು. ಹಾಗಿದ್ದರೂ ಹೊಳೆಯಂಚಿನ ಮರಗಳನ್ನು ಮುಟ್ಟಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅವು ಯಾರ ಖಾಸಗಿ ಸ್ವತ್ತೂ ಅಲ್ಲ. 2018 ಮತ್ತು 2019ರ ಮಳೆಗಾಲಗಳ ನೆರೆಯನ್ನು ಕಂಡವರಿಗೆ ದಡದ ಬೇರುಗಳ ಬೆಲೆ ಹೇಳಬೇಕಾಗಿಲ್ಲ. ತೋಟದ ತೋಡಿನ ಬದಿಯಲ್ಲಿ ನಿಮ್ಮದೇ ಮರವಿದ್ದರೆ ಅದು ಬೇರೆ ಮಾತು.

ಕೊಡಸಿಗ

ಬಿಳಿಯ ಪರಿಮಳದ ಹೂ, ಜೋಡಿಜೋಡಿಯಾಗಿ ತೂಗುವ ಸಪೂರ ಕಾಯಿ, ಮುರಿದರೆ ಹಾಲು: ಕುರುಚಲು ಕಾಡಿನ ಅಂಚಿನ ಈ ಸಣ್ಣ ಮರವೇ ಸಂಸ್ಕೃತದ ಕುಟಜ. ಆಮಶಂಕೆ, ಭೇದಿಗೆ ಆಯುರ್ವೇದದವರು ಕೊಡುವ ಕುಟಜಾರಿಷ್ಟದ ಮೂಲ ಇದರ ತೊಗಟೆ. ಇದರಲ್ಲಿರುವ ಕೊನೆಸೀನ್ ಎಂಬ ಸ್ಟೀರಾಯ್ಡ್ ಆಲ್ಕಲಾಯ್ಡ್ ಈ ಪಟ್ಟಿಯಲ್ಲೇ ಬುದ್ಧಿಗೆ ಹೆಚ್ಚು ಕೆಲಸ ಕೊಡುವ ವಸ್ತು. ಏಕೆಂದರೆ ಅದರ ಆಸಕ್ತಿಯ ಅಂಶ ತಾನೇ ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿಲ್ಲ. ಸ್ಯೂಡೋಮೊನಾಸ್‌ನಂಥ ಹಠಮಾರಿ ಜಾತಿಗಳು ಔಷಧವನ್ನು ಹೊರಗೆ ತಳ್ಳಲು ಬಳಸುವ ಪಂಪನ್ನು ಅದು ತಡೆಯುತ್ತದೆ, ಆಗ ಜೊತೆಗೆ ಕೊಟ್ಟ ಪ್ರತಿಜೈವಿಕ ಔಷಧ ಒಳಗೆ ಉಳಿದು ಕೆಲಸ ಮಾಡುತ್ತದೆ. ಪ್ರತಿರೋಧ ಬೆಳೆಸಿಕೊಂಡ ಬ್ಯಾಕ್ಟೀರಿಯಾಗಳ ಈ ಕಾಲದಲ್ಲಿ ಇಂಥ ಸಹಾಯಕ ಅಣುಗಳಿಗೆ ಬೆಲೆಯಿದೆ. ತೊಗಟೆಯಿಂದ ಅದನ್ನು ಬೇರ್ಪಡಿಸುವ ದಾರಿಯೂ ಹಳೆಯದು, ಸರಳವಾದದ್ದು: ಆಮ್ಲದಲ್ಲಿ ಕರಗಿಸಿ, ಕ್ಷಾರ ಹಾಕಿ, ಸಾವಯವ ದ್ರಾವಕಕ್ಕೆ ಎಳೆದುಕೊಳ್ಳುವುದು.

ಇನ್ನು ತೊಂದರೆಗಳು. ಕೊನೆಸೀನ್ ನರಮಂಡಲದ ಮೇಲೂ ಪರಿಣಾಮ ಮಾಡುವ ವಸ್ತುವಾದ್ದರಿಂದ ಮನೆಯಲ್ಲಿ ಅಂದಾಜಿನ ಮೇಲೆ ಕುದಿಸಿ ಕುಡಿಯುವ ಮದ್ದು ಇದಲ್ಲ. ವೈದ್ಯರ ಕೈಯಿಂದಲೇ ಬರಬೇಕು. ಜೊತೆಗೆ ಇದರ ತೊಗಟೆಗೆ ಬೆಪ್ಪಾಲೆಯೆಂಬ ಇನ್ನೊಂದು ಮರದ ತೊಗಟೆಯನ್ನು ಬೆರೆಸುವುದು, ಅಥವಾ ಅದನ್ನೇ ಇದೆಂದು ಮಾರುವುದು ಹಳೆಯ ಪಿಡುಗು. ಒಂದು ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಊರ ಹೊರಗಿನ ಗ್ರಂಥಿಗೆ ಅಂಗಡಿಯಿಂದ ಕೊಡಸಿಗದ ಚಕ್ಕೆಯೆಂದು ತಂದದ್ದನ್ನು ನಾನೂ ಸರಿಯಾಗಿ ನೋಡದೆ ಒಪ್ಪಿಬಿಟ್ಟೆ. ನಾಲ್ಕು ತಿಂಗಳ ಕೆಲಸದ ಕೊನೆಗೆ ಸಾರದ ಅಂಶಗಳನ್ನು ಬಿಡಿಬಿಡಿ ಕಲೆಗಳಾಗಿ ತೋರಿಸುವ ತೆಳುಪದರದ ಕ್ರೊಮ್ಯಾಟೊಗ್ರಫಿಯಲ್ಲಿ ಶುದ್ಧ ಕೊನೆಸೀನಿನ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮಾದರಿಯಲ್ಲಿ ಅದರ ಕಲೆಯೇ ಇರಲಿಲ್ಲ. ಮೊದಲ ವಾರದಲ್ಲಿ ಮಾಡಬೇಕಾದ ಪರೀಕ್ಷೆಯನ್ನು ಕೊನೆಯ ವಾರದಲ್ಲಿ ಮಾಡಿದ ತಪ್ಪು ಅಂಗಡಿಯವನದಕ್ಕಿಂತ ನನ್ನದೇ ಹೆಚ್ಚು. ಮರವನ್ನೇ ನೋಡಿ ತರುವುದಾದರೆ ಗುರುತು ಸುಲಭ: ಕೊಡಸಿಗದ ಜೋಡಿ ಕಾಯಿಗಳು ಬಿಡಿಬಿಡಿಯಾಗಿ ತೂಗುತ್ತವೆ, ಬೆಪ್ಪಾಲೆಯ ಎಳೆಯ ಜೋಡಿ ಕಾಯಿಗಳ ತುದಿಗಳು ಕೂಡಿಕೊಂಡಿರುತ್ತವೆ, ಬೆಪ್ಪಾಲೆಯ ಬೀಜ ಕೊಡಸಿಗದ ಬೀಜದಷ್ಟು ಕಹಿಯಿಲ್ಲ.

ದಾಲ್ಚಿನ್ನಿ

ಈ ಸಾಲಿನಲ್ಲಿ ತೊಗಟೆಗಾಗಿಯೇ ಬೆಳೆಸುವ, ಕಡಿದರೆ ಮತ್ತೆ ಚಿಗುರುವ ಮರ ಇದೊಂದೇ. ಗಿಡಕ್ಕೆ ಎರಡು ಮೂರು ವರ್ಷ ತುಂಬಿದಾಗ ಬುಡಕ್ಕೆ ಕಡಿದರೆ ನಾಲ್ಕೈದು ನೇರ ಕವಲುಗಳು ಏಳುತ್ತವೆ. ಅವು ಹೆಬ್ಬೆರಳಿಗಿಂತ ತುಸು ದಪ್ಪವಾದಾಗ ಕತ್ತರಿಸಿ ಸುಲಿಯುತ್ತಾರೆ. ಕೆಂಪು ಚಿಗುರು ಹಸಿರಿಗೆ ತಿರುಗುವ ಹೊತ್ತಿಗೆ ರಸ ಹರಿದು ತೊಗಟೆ ಸಲೀಸಾಗಿ ಬಿಡುತ್ತದೆ. ಮರ ಸಾಯುವ ಪ್ರಶ್ನೆಯೇ ಇಲ್ಲ. ಮಾಕುಟ್ಟದ ಘಾಟಿ ಇಳಿದು ಕಣ್ಣೂರಿನ ಕಡೆ ಹೋದರೆ ಸಿಗುವ ಅಂಜರಕಂಡಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು 18ನೇ ಶತಮಾನದಲ್ಲೇ ಇದರ ದೊಡ್ಡ ತೋಟ ಮಾಡಿದ್ದರು. ಆ ಹವೆ ನಮ್ಮ ತಗ್ಗಿನ ತೋಟಗಳಿಗೂ ದೂರದ್ದಲ್ಲ.

ಇದರ ತೊಗಟೆಯ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಪ್ರಧಾನ. ಎಲೆಯ ಎಣ್ಣೆಯಲ್ಲಿ ಲವಂಗದ ಯೂಜಿನಾಲ್ ಪ್ರಧಾನ. ಸಿನ್ನಮಾಲ್ಡಿಹೈಡ್ ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸಿ ಒಳಗಿನ ಪ್ರೋಟೀನ್‌ಗಳೊಡನೆ ಸೇರಿಕೊಳ್ಳುತ್ತದೆ, ಗ್ರಾಂ ನೆಗೆಟಿವ್ ಜಾತಿಗಳನ್ನೂ ತಡೆಯುವ ಬಲ ಅದಕ್ಕಿದೆ. ಅದೇ ಬಲ ನಮ್ಮ ಚರ್ಮದ ಪ್ರೋಟೀನಿಗೂ ತಾಗುವುದರಿಂದ ಉರಿ, ಅಲರ್ಜಿ. ಬಾಯಿ ಮುಕ್ಕಳಿಸುವ ನೀರಿಗೆ, ಆಹಾರ ಕೆಡದಂತೆ ಇಡಲು ತೆಳುವಾಗಿ ಬಳಸುವುದು ಸರಿ. ಎಣ್ಣೆಯನ್ನು ನೇರವಾಗಿ ಗಾಯಕ್ಕೆ ಬಳಸುವುದು ತಪ್ಪು. ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ, ಮದ್ದು ಆವಿಯಾಗಿ ಹೋಗಿರುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಬಿಸಿನೀರಿಗೆ ಹಾಕಿಡುವುದು ಮೇಲು.

ಅಂಗಡಿಯಲ್ಲಿ ಚಕ್ಕೆಯೆಂದು ಸಿಗುವುದು ಹೆಚ್ಚಾಗಿ ಕ್ಯಾಸಿಯಾ: ದಪ್ಪ, ಗಟ್ಟಿ, ಒಂದೇ ಸುರುಳಿ. ನಿಜವಾದ ದಾಲ್ಚಿನ್ನಿ ಕಾಗದದಷ್ಟು ತೆಳು, ಪದರದೊಳಗೆ ಪದರ, ಕೈಯಲ್ಲೇ ಪುಡಿಯಾಗುತ್ತದೆ. ಬ್ಯಾಕ್ಟೀರಿಯಾದ ದೃಷ್ಟಿಯಿಂದ ಎರಡೂ ಬಲವಾದವೇ. ಆದರೆ ಕ್ಯಾಸಿಯಾದಲ್ಲಿ ಯಕೃತ್ತಿಗೆ ತೊಂದರೆ ಕೊಡಬಲ್ಲ ಕೌಮರಿನ್ ಹೆಚ್ಚು. ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.1 ಮಿಲಿಗ್ರಾಂ ಮೀರಬಾರದೆಂದು ಯುರೋಪಿನ ಆಹಾರ ಸುರಕ್ಷತೆಯವರು ಮಿತಿ ಹಾಕಿದ್ದಾರೆ. ದಿನವೂ ಬಳಸುವವರು ಇದನ್ನು ನೆನಪಿಡಬೇಕು; ಹಂದಿ ಸಾರಿನ ಮಸಾಲೆಗೆ ಒಂದು ಚೂರು ಹಾಕುವವರು ತಲೆಕೆಡಿಸಿಕೊಳ್ಳಬೇಕಿಲ್ಲ. ಕಾಡಿನಲ್ಲಿ ಇದರ ದಾಯಾದಿ ಜಾತಿಗಳಿವೆ; ಅವುಗಳನ್ನು ಬುಡದಿಂದ ಮೇಲಕ್ಕೆ ಸುಲಿದು ಹಾಳುಮಾಡಿದ್ದನ್ನು ನಾನೇ ನೋಡಿದ್ದೇನೆ. ತೋಟದಲ್ಲಿ ಬೆಳೆಯಬಹುದಾದದ್ದಕ್ಕೆ ಕಾಡಿಗೆ ಕೈಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹಾಲೆ

ಹಾಲೆಯ ವಿಷಯದಲ್ಲಿ ನಂಬಿಕೆಯೂ ಇದೆ, ಅಪಾಯವೂ ಇದೆ. ಆದ್ದರಿಂದ ಎಚ್ಚರದಿಂದ ಬರೆಯುತ್ತೇನೆ. ಇದರ ಎಲೆಗಳು ಒಂದೇ ಗಿಣ್ಣಿನಿಂದ ಛತ್ರಿಯ ಕಡ್ಡಿಗಳಂತೆ ಸುತ್ತಲೂ, ಹೆಚ್ಚಾಗಿ ಏಳರ ಲೆಕ್ಕದಲ್ಲಿ ಹೊರಡುವುದರಿಂದ ಸಪ್ತಪರ್ಣವೆಂಬ ಹೆಸರು. ಹಗುರವಾದ ಮರದಿಂದ ಹಿಂದೆ ಮಕ್ಕಳು ಬರೆಯುವ ಹಲಗೆ ಮಾಡುತ್ತಿದ್ದುದರಿಂದ ವಿಜ್ಞಾನದ ಹೆಸರಿನಲ್ಲಿ ‘ಸ್ಕೊಲಾರಿಸ್’ ಸೇರಿದೆ. ತೊಗಟೆಯಲ್ಲಿ ಎಕಿಟಮೀನ್ ಮೊದಲಾದ ಇಂಡೋಲ್ ಆಲ್ಕಲಾಯ್ಡ್‌ಗಳಿವೆ. ಬ್ಯಾಕ್ಟೀರಿಯಾದ ಮೇಲೆ ಇದರ ಕಚ್ಚಾ ಸಾರದ ಕೆಲಸ ಸಾಧಾರಣ. ಆ ಒಂದೇ ಕಾರಣಕ್ಕೆ ಹಾಲೆಯನ್ನು ಆರಿಸುವ ಅಗತ್ಯವಿಲ್ಲ.

ಆಟಿ ಅಮಾವಾಸ್ಯೆಯ ಕಷಾಯ ಬೇರೆಯೇ ಸಂಗತಿ. ಅದನ್ನು ಕುಡಿಯುವವರು ಎಂಐಸಿ ಕೇಳಿ ಕುಡಿಯುವುದಿಲ್ಲ. ಅವರಿಗೆ ಒಂದೇ ಮಾತು ಹೇಳಬೇಕು. ಬೆಳಕು ಹರಿಯುವ ಮುನ್ನ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ಕೆತ್ತೆ ತರಬೇಕೆಂಬ ಪದ್ಧತಿಯಿದೆಯಲ್ಲ, ಆ ಕತ್ತಲೆಯೇ ಅಪಾಯ. ಕಾಸರಕನ ಮರವನ್ನು ಹಾಲೆಯೆಂದು ತಪ್ಪು ತಿಳಿದರೆ ಕಷಾಯದಲ್ಲಿ ಸೇರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್, ಮೈಯನ್ನು ಬಿಲ್ಲಿನಂತೆ ಸೆಟೆಸುವ ವಿಷಗಳು. ಈ ತಪ್ಪು ನಮ್ಮ ಊರಿನವರಷ್ಟೇ ಮಾಡುವಂಥದ್ದೂ ಅಲ್ಲ: 19ನೇ ಶತಮಾನದ ಆರಂಭದಲ್ಲಿ ಯುರೋಪಿನ ಔಷಧಿ ಅಂಗಡಿಗಳಲ್ಲಿ ಅಂಗೊಸ್ಟುರಾ ಎಂಬ ತೊಗಟೆಯ ಜೊತೆ ಕಾಸರಕನ ತೊಗಟೆ ಸೇರಿಹೋಗಿ ‘ಸುಳ್ಳು ಅಂಗೊಸ್ಟುರಾ’ ಎಂಬ ಹೆಸರೇ ಹುಟ್ಟಿತ್ತು, ಆ ತೊಗಟೆಯಿಂದಲೇ 1819ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕಾವಾಂತು ಬ್ರೂಸಿನ್ನನ್ನು ಬೇರ್ಪಡಿಸಿದರು. ಮರುವರ್ಷ ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆದವರೂ ಅದೇ ಜೋಡಿ. ಹಾಲೆಯನ್ನು ಹಗಲಿನಲ್ಲೇ ನೋಡಿ, ಎಲೆ ಸುತ್ತಾಗಿದೆಯೇ, ಚುಚ್ಚಿದರೆ ಬಿಳಿ ಹಾಲು ಬರುತ್ತದೆಯೇ ಎಂದು ಖಚಿತಪಡಿಸಿಕೊಂಡು ಮರಕ್ಕೆ ಬಟ್ಟೆ ಕಟ್ಟಿ ಬನ್ನಿ. ಕಾಸರಕನಿಗೆ ಹಾಲಿಲ್ಲ, ಅದರ ಎಲೆಗಳು ಎದುರುಬದುರು, ಬುಡದಿಂದಲೇ ಮೂರರಿಂದ ಐದು ನರಗಳು ಹೊರಟಿರುತ್ತವೆ.

ಬೇವು, ಅಶೋಕ, ಮತ್ತು ಒಂದು ವೇಷಧಾರಿ

ಬೇವಿನ ತೊಗಟೆಯಲ್ಲಿ ಮಾರ್ಗೊಲೋನ್‌ನಂಥ ಡೈಟರ್ಪೀನ್‌ಗಳು ಬ್ಯಾಕ್ಟೀರಿಯಾ ತಡೆಯುವುದು ತಿಳಿದ ಸಂಗತಿಯೇ. ಆದರೆ ಬೇವು ಒಣ ಹವೆಯ ಮರ. ಕುಶಾಲನಗರ, ಶನಿವಾರಸಂತೆಯ ಕಡೆಯವರಿಗೆ ಅದು ಮನೆಯ ಮುಂದಿನ ಮರ, ಮಡಿಕೇರಿ, ಭಾಗಮಂಡಲದವರಿಗೆ ಪೇಟೆಯಿಂದ ತರುವ ಸರಕು. ಪೂರ್ವದವರು ಸವರಿದ ಕೊಂಬೆಗಳ ತೊಗಟೆ ಬಳಸಲಿ. ಪಶ್ಚಿಮದವರು ಅದಕ್ಕಾಗಿ ಖರ್ಚು ಮಾಡಬೇಕಾಗಿಲ್ಲ.

ಅಶೋಕವನ್ನು, ಅಂದರೆ ಕಿತ್ತಳೆ ಕೆಂಪಿನ ಹೂಗೊಂಚಲಿನ ನಿಜವಾದ ಅಶೋಕವನ್ನು, ತೊಗಟೆಗಾಗಿ ಆರಿಸಬೇಡಿ. ತೊಗಟೆಯ ಬೇಡಿಕೆಯೇ ಆ ಮರವನ್ನು ಅಪಾಯದಂಚಿಗೆ ತಂದು ನಿಲ್ಲಿಸಿದವುಗಳಲ್ಲೊಂದು. ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಐಯುಸಿಎನ್ ಕೆಂಪು ಪಟ್ಟಿಯಲ್ಲೂ ಅದರ ಹೆಸರಿದೆ. ನೆಡಿ, ನೋಡಿ, ಅಷ್ಟೇ ಸಾಕು.

ಇನ್ನು ವೇಷಧಾರಿ. ಶಾಲೆ, ಕಚೇರಿಗಳ ಮುಂದೆ ಕಂಬದಂತೆ ನೆಟ್ಟಗೆ ನಿಲ್ಲುವ, ಎಲೆಯಂಚು ಅಲೆಅಲೆಯಾದ ಮರವನ್ನೂ ಜನ ಅಶೋಕವೆಂದೇ ಕರೆಯುತ್ತಾರೆ, ಅದರ ತೊಗಟೆಯನ್ನು ನಿಜವಾದ ಅಶೋಕಕ್ಕೆ ಕಲಬೆರಕೆ ಮಾಡುತ್ತಾರೆ. ಸೀತಾಫಲದ ಕುಟುಂಬದ ಈ ಮರವನ್ನು ಔಷಧಿಯವರು ಕಳ್ಳನೆಂದು ಬಯ್ಯುವುದು ನ್ಯಾಯವೇ. ಆದರೆ ಬ್ಯಾಕ್ಟೀರಿಯಾದ ಪ್ರಶ್ನೆಯನ್ನಷ್ಟೇ ಇಟ್ಟುಕೊಂಡರೆ ಈ ಕಳ್ಳ ನಿರ್ಲಕ್ಷಿಸಬೇಕಾದವನಲ್ಲ: ಇದರ ತೊಗಟೆ ಮತ್ತು ಎಲೆಗಳಲ್ಲಿ ಕ್ಲೆರೋಡೇನ್ ಡೈಟರ್ಪೀನ್‌ಗಳೆಂಬ ಅಣುಗಳಿದ್ದು, ಸ್ಟ್ಯಾಫೈಲೋಕಾಕಸ್‌ನಂಥವುಗಳ ಮೇಲೆ ಅವುಗಳ ಪರಿಣಾಮ ಟ್ಯಾನಿನ್‌ನ ಭ್ರಮೆಯಲ್ಲ. ಕಾಲೇಜಿನ ಅಂಗಳದಲ್ಲೇ ಮರವಿದೆ, ಅಪರೂಪದ್ದಲ್ಲ, ವರ್ಷಕ್ಕೊಮ್ಮೆ ಸವರಿದ ಕೊಂಬೆ ಹೇಗೂ ಬಿಸಾಡುತ್ತಾರೆ, ಎಲೆಯಲ್ಲೂ ಅದೇ ಕುಲದ ಅಣು ಇರುವುದರಿಂದ ತೊಗಟೆಯೊಡನೆ ಹೋಲಿಸಲೂ ಬರುತ್ತದೆ. ಕುಡಿಯುವುದಕ್ಕಲ್ಲ, ಹಚ್ಚುವುದಕ್ಕೂ ಅಲ್ಲ, ಕಲಿಯುವುದಕ್ಕೆ.

ಯಾರಿಗೆ ಯಾವುದು

ಮನೆಯ ಹೊರಬಳಕೆಗೆ ಹೊಳೆಮತ್ತಿ ಸಾಕು. ತರಚು ಗಾಯ, ಜಿಗಣೆ ಕಚ್ಚಿದ ಜಾಗ, ಒಸಡಿನ ಕಿರಿಕಿರಿಗೆ ಅಂದಂದಿನ ಕಷಾಯ ಅಂದೇ ಬಳಸಬೇಕು. ಕುದಿತದಲ್ಲಿ ಬ್ಯಾಕ್ಟೀರಿಯಾದ ಬೀಜಕಗಳು ಬದುಕುಳಿಯುವುದರಿಂದ ನಿನ್ನೆಯ ಕಷಾಯ ಇಂದು ಸೋಂಕಿನ ತವರಾಗಬಹುದು. ಆಳದ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಕೀವು, ಜ್ವರ ಇದ್ದರೆ ತೊಗಟೆಯ ಮಾತೇ ಬೇಡ, ಆಸ್ಪತ್ರೆಗೆ ಹೋಗಬೇಕು. ನಾಯಿ ಕಚ್ಚಿದ್ದರೆ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಲಸಿಕೆಗೆ ಓಡಬೇಕು. ಹೃದಯದ ಮಾತ್ರೆ ತೆಗೆದುಕೊಳ್ಳುವವರು ಮತ್ತಿಯ ಕಷಾಯವನ್ನು ವೈದ್ಯರಿಗೆ ತಿಳಿಸದೆ ಒಳಗೆ ತೆಗೆದುಕೊಳ್ಳಬಾರದು.

ಹಣವೂ ಉಪಕರಣವೂ ಕಡಿಮೆಯಿರುವ ವಿದ್ಯಾರ್ಥಿಗೆ ಕಂಬದಂತಿರುವ ಆ ವೇಷಧಾರಿಯನ್ನೂ ಹೊಳೆಮತ್ತಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ಎನ್ನುತ್ತೇನೆ. ಒಂದು ಒಗರಿನದು, ಇನ್ನೊಂದು ಅಲ್ಲ. ಟ್ಯಾನಿನ್ ತೆಗೆಯುವ ಮುಂಚೆ, ತೆಗೆದ ಮೇಲೆ ಎರಡರ ಎಂಐಸಿ ನೋಡಿದರೆ ಅದರಲ್ಲೇ ಒಂದು ಒಳ್ಳೆಯ ಪ್ರಶ್ನೆಗೆ ಉತ್ತರವಿದೆ. ದ್ರಾವಕವೊಂದನ್ನೇ ಹಾಕಿದ ಕುಳಿಯನ್ನು ಮರೆಯಬೇಡಿ. ಸಾರ ಕರಗಿಸಲು ಬಳಸುವ ಡಿಎಂಎಸ್‌ಒ ಎಂಬ ದ್ರಾವಕ ಹೆಚ್ಚಾದರೆ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಗಾಯದಿಂದ, ಚರಂಡಿಯಿಂದ ಬ್ಯಾಕ್ಟೀರಿಯಾ ಬೆಳೆಸುವ ಹುಚ್ಚು ಬೇಡ, ಚಂಡೀಗಡದ ಸೂಕ್ಷ್ಮಜೀವಿಗಳ ಸಂಗ್ರಹದಂಥ ಅಧಿಕೃತ ಮೂಲದಿಂದ ನಿರಪಾಯದ ತಳಿ ತರಿಸಿಕೊಳ್ಳಿ. ಮರದ ಗುರುತಿನಲ್ಲಿ ಅನುಮಾನವಿದ್ದರೆ ಹೂ ಅಥವಾ ಕಾಯಿಯಿರುವ ಕೊಂಬೆಯನ್ನು ಒತ್ತಿ ಒಣಗಿಸಿ ಪೊನ್ನಂಪೇಟೆಯ ಅರಣ್ಯ ಕಾಲೇಜಿನವರಿಗೆ ತೋರಿಸಬಹುದು. ಕ್ರೊಮ್ಯಾಟೊಗ್ರಫಿಯ ಸೌಕರ್ಯವೂ ಎರಡು ಮೂರು ವರ್ಷದ ಸಮಯವೂ ಇರುವ ಸಂಶೋಧಕರಿಗೆ ಮಾತ್ರ ಕೊಡಸಿಗ ಸರಿಯಾದ ಆಯ್ಕೆ. ಅಲ್ಲಿ ಹೊಸದನ್ನು ಕಾಣುವ ಅವಕಾಶ ಇನ್ನೂ ಇದೆ.

ಯಾವ ತೊಗಟೆಯಾದರೂ ಒಣಗಿಸುವ ಕಷ್ಟ ಒಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯಲ್ಲಿ ಒಣಗುವುದಕ್ಕಿಂತ ಬೂಷ್ಟು ಹಿಡಿಯುವುದು ಬೇಗ. ಬಿಸಿಲು ಬಂದಾಗ ಕಣದಲ್ಲಿ ಕಾಫಿ ಹರಡಿರುತ್ತದೆ. ಅರೇಬಿಕಾ ಮುಗಿದು ರೊಬಸ್ಟಾ ಕಣಕ್ಕೆ ಬರುವ ನಡುವಿನ ಬಿಡುವಿನಲ್ಲಿ, ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸುವುದು ನನಗೆ ಕೈಹಿಡಿದ ಕ್ರಮ. ದೇವರಕಾಡಿನಿಂದ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳಿಂದ, ನಾಗರಹೊಳೆಯಿಂದ ಒಂದು ಚಕ್ಕೆಯನ್ನೂ ತರುವಂತಿಲ್ಲ. ಕೊಡಗಿನ ವಂಶಪಾರಂಪರ್ಯದ ಹಿಡುವಳಿಯಾದ ಜಮ್ಮಾ ಬಾಣೆಯ ಮರಗಳ ಹಕ್ಕಿನ ವಿಷಯ ಹಳೆಯದು, ತೊಡಕಿನದು; ಕೊಡಲಿ ಎತ್ತುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳುವುದು ಒಳ್ಳೆಯದು. ತೊಗಟೆಯ ಪುಡಿಯನ್ನು ಔಷಧಿಯೆಂದು ಹೆಸರಿಟ್ಟು ತಯಾರಿಸಿ ಮಾರಲು ಆಯುಷ್ ಪರವಾನಗಿ ಬೇಕು, ಸಾಂಬಾರ ಪದಾರ್ಥವಾಗಿ ದಾಲ್ಚಿನ್ನಿ ಮಾರಲು ಆ ಪರವಾನಗಿ ಬೇಡ.

ಬೆಳೆಗಾರರಿಗೆ ನಾನು ದಾಲ್ಚಿನ್ನಿಯನ್ನು ಹೇಳುವುದಕ್ಕೆ ಇದೂ ಒಂದು ಕಾರಣ. ಮೂರು ಮೀಟರ್ ಅಂತರದಲ್ಲಿ ಬೇಲಿಯ ಒಳಬದಿಗೆ, ಕಾಫಿಗೆ ಹೆಚ್ಚು ನೆರಳಾಗದ ಕಡೆ ನೆಡಬಹುದು. ಕಲ್ಲಿಕೋಟೆಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ನವಶ್ರೀ, ನಿತ್ಯಶ್ರೀ ತಳಿಗಳಿವೆ. ಬೀಜದ ಗಿಡಗಳಲ್ಲಿ ಒಂದರ ಗುಣ ಇನ್ನೊಂದಕ್ಕಿರುವುದಿಲ್ಲವಾದ್ದರಿಂದ ಎಣ್ಣೆಗಾಗಿ ಬೆಳೆಯುವವರು ಬೇರು ಬರಿಸಿದ ಕಡ್ಡಿಗಳನ್ನು ಕೊಳ್ಳುವುದು ಲೇಸು. ಮನೆಮಟ್ಟಿಗೆ ಬೀಜವೇ ಸಾಕೆನ್ನುವವರು ನೆರೆಯವರ ಮರದ ಕಪ್ಪಾದ ಹಣ್ಣುಗಳನ್ನು ಹಕ್ಕಿಗಳಿಗಿಂತ ಮುಂಚೆ ಆರಿಸಿ, ತಿರುಳು ತೊಳೆದು, ತಡಮಾಡದೆ ಬಿತ್ತಬೇಕು. ಒಣಗಿಸಿಟ್ಟರೆ ಆ ಬೀಜ ಕೆಲವೇ ದಿನಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಮದ್ದು ಸೊಪ್ಪು ಕೊಯ್ಯುವ ಕಕ್ಕಡದ ದಿನಗಳಲ್ಲೇ ಪಾತಿಯನ್ನೂ ಸಿದ್ಧ ಮಾಡಿಟ್ಟುಕೊಂಡಿರಬೇಕು.